ಇಪ್ಪತ್ತನೆಯ ಅರ್ಜಿ

ಹತ್ತೊಂಬತ್ತು ಅರ್ಜಿಗಳನ್ನು ಸೊಣ್ಣಪ್ಪ ಮೂರನೆಯ ಸಲ ಎಣಿಸಿದ. ಎಣಿಸಿದರೆ ಹೆಚ್ಚಾಗುವುದಿಲ್ಲವೆಂದು ಗೊತ್ತಿತ್ತು. ಆದರೂ ಎಲ್ಲಾದರೂ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದರೆ ಎಂಬ ಆಸೆಯಿಂದ ಪ್ರತಿಯೊಂದರ ಮೂಲೆಯನ್ನೂ ಬೆರಳಲ್ಲಿ ಉಜ್ಜಿ ನೋಡಿದ. ಅಂಟಿಕೊಂಡಿರಲಿಲ್ಲ. ಕಂಪ್ಯೂಟರ್ ಕೋಣೆಯ ಕಿಟಕಿಗಳಿಗೆ ಕಪ್ಪು ಪರದೆ ಹಾಕಿದ್ದರಿಂದ ಬೆಳಗಿನ ಹತ್ತು ಗಂಟೆಯೂ ಅಲ್ಲಿ ಸಂಜೆಯಂತೆ ಇತ್ತು. ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂಬ ನಿಯಮವನ್ನು ಅವನೇ ಮಾಡಿದ್ದ. ಬರಿಗಾಲಿಗೆ ನೆಲ ತಣ್ಣಗೆ ತಾಗುತ್ತಿತ್ತು. ಮೂರು ಕಂಪ್ಯೂಟರುಗಳ ಮೇಲೂ ಹೊಲಿಸಿದ ಬಟ್ಟೆಯ ಮುಸುಕು. ಮೂರರಲ್ಲಿ ಒಂದು ಮಾತ್ರ ನಡೆಯುತ್ತಿತ್ತು, ಅದೂ ಕರೆಂಟು ಒಂದೇ ಸಮನೆ ಇದ್ದರೆ. ಮಕ್ಕಳು ರಟ್ಟಿನ ಮೇಲೆ ಬರೆದ ಅಕ್ಷರಗಳ ಮೇಲೆ ಬೆರಳಾಡಿಸಿ ಕಲಿಯುತ್ತಿದ್ದರು. ವಾರಕ್ಕೊಮ್ಮೆ, ಒಬ್ಬೊಬ್ಬರಿಗೆ ನಾಲ್ಕು ನಿಮಿಷದಂತೆ, ನಿಜವಾದ ಯಂತ್ರದ ಮುಂದೆ ಕೂರುತ್ತಿದ್ದರು. ಆ ನಾಲ್ಕು ನಿಮಿಷವೂ ಸೊಣ್ಣಪ್ಪ ಅವರ ಬೆನ್ನಿನ ಹಿಂದೆ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ. ಯಂತ್ರ ಕೆಟ್ಟುಹೋದೀತೆಂಬ ಭಯ ಅರ್ಧ. ಪರದೆಯ ಮೇಲೆ ಏನಾದರೂ ಮೂಡಿ, ಇದೇನು ಸಾರ್ ಎಂದು ಯಾರಾದರೂ ಕೇಳಿಬಿಟ್ಟಾರೆಂಬ ಭಯ ಇನ್ನರ್ಧ.

ಕೇಳಿದರೆ ಹೇಳಲು ಬಾರದು ಎಂದಲ್ಲ. ಕೆಲವು ಬರುತ್ತಿದ್ದವು, ಕೆಲವು ಬರುತ್ತಿರಲಿಲ್ಲ; ಯಾವುದು ಬರುತ್ತದೆ ಯಾವುದು ಬರುವುದಿಲ್ಲ ಎನ್ನುವುದೇ ಅವನಿಗೆ ತಿಳಿಯುತ್ತಿರಲಿಲ್ಲ. ಬೆಂಗಳೂರಿನ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡುವಾಗ ಇಡೀ ದಿನ ಒಂದು ಲಾರಿ ಆಫೀಸಿನಲ್ಲಿ ಬಿಲ್ಲು ಬರೆದು, ಆರು ಗಂಟೆಗೆ ಹೋಗಿ ಬೆಂಚಿನ ಮೇಲೆ ಕೂತರೆ ಏಳಕ್ಕೆ ಕಣ್ಣು ತೂಗುತ್ತಿತ್ತು. ಕೈ ಮಾತ್ರ ನೋಟ್ಸು ಬರೆಯುತ್ತಲೇ ಇರುತ್ತಿತ್ತು. ಮಾರನೆಯ ದಿನ ನೋಡಿದರೆ ಅಕ್ಷರಗಳು ಗೆರೆಯಿಂದ ಕೆಳಗೆ ಜಾರಿ ಜಾರಿ, ಕೊನೆಗೆ ಒಂದು ಉದ್ದನೆಯ ಗೀಟಾಗಿ ಅಂಚಿನ ತನಕ ಹೋಗಿರುತ್ತಿದ್ದವು. ಆ ಗೀಟುಗಳಲ್ಲಿ ಏನಿತ್ತು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಯಾವ ವಿದ್ಯಾರ್ಥಿ ಎದ್ದು ನಿಂತು ಪ್ರಶ್ನೆ ಕೇಳಿದರೂ, ತಾನು ತೂಕಡಿಸಿದ ಆ ಗೀಟಿನೊಳಗಿನದನ್ನೇ ಕೇಳುತ್ತಿದ್ದಾನೆಂದು ಅವನಿಗೆ ಅನ್ನಿಸುತ್ತಿತ್ತು. ಹಗಲು ಕಾಲೇಜಿನಲ್ಲಿ ಓದಿದವರು ಸ್ಟಾಫ್ ರೂಮಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವ ರೀತಿಯನ್ನು ಅವನು ಹನ್ನೊಂದು ವರ್ಷದಿಂದ ನೋಡುತ್ತಿದ್ದ. ಅವನಿಗೆ ಹಾಗೆ ಕೂರಲು ಆಗಿರಲಿಲ್ಲ.

‘ವ್ಯವಹಾರ ಮತ್ತು ಕಂಪ್ಯೂಟರ್’ ಎನ್ನುವುದು ಹತ್ತನೆಯ ತರಗತಿ ಪಾಸಾದವರಿಗೆ ಹೈಸ್ಕೂಲಿನ ಕಟ್ಟಡದಲ್ಲೇ ನಡೆಯುತ್ತಿದ್ದ ಎರಡು ವರ್ಷದ ಐಚ್ಛಿಕ ಕೋರ್ಸು. ಟೈಪಿಂಗ್, ಪತ್ರ ವ್ಯವಹಾರ, ಒಂದಿಷ್ಟು ಲೆಕ್ಕಶಾಸ್ತ್ರ, ಒಂದಿಷ್ಟು ಕಂಪ್ಯೂಟರ್. ಇಪ್ಪತ್ತು ಮಕ್ಕಳಿದ್ದರೆ ವಿಭಾಗ ಉಂಟು, ಹತ್ತೊಂಬತ್ತಾದರೆ ಇಲ್ಲ. ವಿಭಾಗ ಇಲ್ಲದಿದ್ದರೆ ಅರೆಕಾಲಿಕ ಮೇಷ್ಟ್ರು ಸೊಣ್ಣಪ್ಪನೂ ಇಲ್ಲ. ಇದನ್ನು ಪ್ರಿನ್ಸಿಪಾಲ್ ಗೋಪಾಲಪ್ಪನವರು ಇವತ್ತು ಬೆಳಿಗ್ಗೆ ಇನ್ನೊಂದು ಸಲ, ಕೋಪವಿಲ್ಲದೆ, ಕನ್ನಡಕ ತೆಗೆದು ಒರೆಸುತ್ತ ಹೇಳಿದ್ದರು.

“ಎಷ್ಟಾಯ್ತು ಸೊಣ್ಣಪ್ಪ?”

“ಹತ್ತೊಂಬತ್ತು ಸಾರ್.”

“ಅಂದ್ರೆ ಇನ್ನೂ ಏನೂ ಆಗಿಲ್ಲ ಅಂತ. ಇವತ್ತು ಶನಿವಾರ. ಒಂದು ಗಂಟೆಗೆ ಪಟ್ಟಿ ಮೇಲಕ್ಕೆ ಹೋಗ್ಬೇಕು. ಇಪ್ಪತ್ತಿದ್ರೆ ಕಳಿಸ್ತೀನಿ, ಇಲ್ದಿದ್ರೆ ಸೊನ್ನೆ ಅಂತ ಬರೆದು ಕಳಿಸ್ತೀನಿ. ನನ್ ಕೈಲೇನಿದೆ ಹೇಳಿ.” ಕನ್ನಡಕ ಹಾಕಿಕೊಂಡು ಅವನನ್ನು ಹೊಸದಾಗಿ ನೋಡುವವರಂತೆ ನೋಡಿ, “ಮಗ್ಗದ ಸಂಜೀವಪ್ಪ ಮಗಳಿಗೆ ಅಂತ ಅರ್ಜಿ ತಗೊಂಡು ಹೋಗಿದ್ನಲ್ಲ, ಏನಾಯ್ತು?” ಎಂದಿದ್ದರು.

“ಇನ್ನೂ ತಂದ್ಕೊಟ್ಟಿಲ್ಲ ಸಾರ್.”

“ತಂದ್ಕೊಡೋತನಕ ಕಾಯೋಕೆ ಇದೇನು ರೇಷನ್ ಅಂಗಡೀನಾ? ಹೋಗಿ ತಗೊಂಡ್ಬನ್ನಿ. ಹುಡುಗಿಗೆ ಸೈನ್ಸ್ ಮೇಲೆ ಕಣ್ಣು. ನೀವು ಅಪ್ಪನ್ನ ಹಿಡೀರಿ.”

ಆ ಬೀದಿಗೆ ಹೋಗಬಾರದೆಂದು ಸೊಣ್ಣಪ್ಪ ಮೂರು ದಿನದಿಂದ ಸುತ್ತು ದಾರಿ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದ. ಬುಧವಾರ ಸಂಜೀವಪ್ಪನ ಆ ಮಗಳು ಅನಿತ ಅಂಕಪಟ್ಟಿ ತೆಗೆದುಕೊಂಡು ಹೋಗಲು ಬಂದಿದ್ದಳು. ವಿಜ್ಞಾನದಲ್ಲಿ ಎಂಬತ್ತೊಂದು. ವರಾಂಡದ ಕಂಬದ ಹತ್ತಿರ ನಿಂತು, ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, “ಸಾರ್, ನಿಮ್ಮ ಕೋರ್ಸು ಮುಗಿಸಿದ್ಮೇಲೆ ಬಿ.ಎಸ್ಸಿ.ಗೆ ಸೇರೋಕಾಗುತ್ತಾ?” ಎಂದು ಕೇಳಿದಳು. ಅವನು ಹತ್ತೊಂಬತ್ತು ಮನೆಗಳಲ್ಲಿ ಈ ಪ್ರಶ್ನೆಯನ್ನು ಬೇರೆ ಬೇರೆ ಬಾಯಲ್ಲಿ ಕೇಳಿ, ಹತ್ತೊಂಬತ್ತು ಕಡೆಯೂ ಕೆಮ್ಮಿಯೋ, ಕಾಫಿ ಚೆನ್ನಾಗಿದೆ ಎಂದೋ ದಾಟಿಬಂದಿದ್ದ. ಅಪ್ಪಂದಿರೆಲ್ಲ ಮುಂದಕ್ಕೆ ಏನು, ಮುಂದಕ್ಕೆ ಓದಬಹುದಾ ಎಂದೇ ಕೇಳುವವರು. ಆ ಹುಡುಗಿಯ ಮುಂದೆ ಮಾತ್ರ ಏನೋ ಆಗಿ ನಿಜವೇ ಬಾಯಿಗೆ ಬಂದಿತ್ತು. “ಆಗಲ್ಲಮ್ಮ. ಇದು ಬೇರೆ ದಾರಿ, ಅದು ಬೇರೆ ದಾರಿ. ಇಲ್ಲಿಂದ ಅಲ್ಲಿಗೆ ದಾಟೋಕಾಗಲ್ಲ.” ಅವಳು ತಲೆಯಾಡಿಸಿದಳು, ಗೊತ್ತಿದ್ದುದನ್ನೇ ಕೇಳಿದವಳ ಹಾಗೆ. ಆಮೇಲೆ, “ನಮ್ಮಪ್ಪಂಗೆ ನೀವು ಒಂದ್ಸಲ ಹೇಳ್ತೀರಾ ಸಾರ್?” ಎಂದಳು. ಏನೆಂದು ಹೇಳಬೇಕು ಎಂದು ಅವನು ಕೇಳುವಷ್ಟರಲ್ಲಿ ಜವಾನ ಮುನಿಶಾಮಪ್ಪ ಗಂಟೆ ಬಾರಿಸಿದ್ದ. ಅವನಿಗೆ ಗಂಟೆ ಒಳ್ಳೆಯದೇ ಆಯಿತು. ಆಗಲ್ಲ ಎನ್ನುವುದನ್ನೇ ಅಪ್ಪನಿಗೂ ಹೇಳಿ ಎಂದು ಅವಳು ಕೇಳುತ್ತಿದ್ದಾಳೆಂದು ಅವನು ಅರ್ಥ ಮಾಡಿಕೊಂಡ. ಹೇಳಿದರೆ ಇಪ್ಪತ್ತನೆಯ ಅರ್ಜಿ ಹೋಯಿತು. ಹೇಳದಿದ್ದರೆ ಅವಳ ಮುಖ ನೋಡುವ ಹಾಗಿಲ್ಲ. ಅದಕ್ಕೇ ಸುತ್ತು ದಾರಿ.

ಈಗ ನೆಟ್ಟಗಿನ ದಾರಿಯಲ್ಲೇ ಹೊರಟ. ಜೂನ್ ತಿಂಗಳ ಬಿಸಿಲು ಮೋಡದ ಸಂದಿಯಿಂದ ಬಂದು ಬಂದು ಹೋಗುತ್ತಿತ್ತು. ಎರಡೂವರೆ ತಿಂಗಳ ಹಿಂದೆ ಲಕ್ಕಮ್ಮ, ಅವನ ಹೆಂಡತಿ, ಸಾಸಲಿನಿಂದ ಶಾಲೆಯಿರುವ ದೊಡ್ಡಬಳ್ಳಾಪುರಕ್ಕೇ ಮನೆ ಬದಲಾಯಿಸೋಣ ಎಂದಾಗ ಅವನು ಜೂನ್ ಕಳೆಯಲಿ, ಕೆಲಸ ಉಳಿಯುತ್ತೋ ನೋಡೋಣ ಎಂದಿದ್ದ. ಪ್ರತಿ ವರ್ಷವೂ ಹಾಗೇ ಅನ್ನುತ್ತಿದ್ದ. ಅವಳು ಈ ಸಲ ಕಟ್ಟಿಟ್ಟಿದ್ದ ಪಾತ್ರೆಗಳನ್ನು ಬಿಚ್ಚಿ ಮತ್ತೆ ಅಟ್ಟಕ್ಕೆ ಜೋಡಿಸಿದ್ದಳು. ಒಂದೊಂದೇ ಪಾತ್ರೆ ಅಟ್ಟದ ಹಲಗೆಗೆ ತಾಗಿದ ಸದ್ದು ಅವನ ಎದೆಯಲ್ಲಿ ಉಳಿದಿತ್ತು. ಜೂನ್ ಬಂತೆಂದರೆ ಮೇಷ್ಟ್ರು ಮನೆ ಮನೆ ಅಲೆಯುವುದನ್ನು ಊರೇ ನೋಡುತ್ತಿತ್ತು. ಅರಳಿಕಟ್ಟೆಯಲ್ಲಿ ಕೂತವರು, “ಬಂದ್ರು ನೋಡು, ಹುಡುಗ್ರ ಹಿಡಿಯೋರು” ಎಂದು ಅವನಿಗೆ ಕೇಳಿಸುವಷ್ಟು ಮೆಲ್ಲಗೆ ಹೇಳುತ್ತಿದ್ದರು. ಅವನು ನಗುತ್ತಿದ್ದ. ನಗದೆ ಇದ್ದರೆ ಕೇಳಿಸಿತೆಂದು ಗೊತ್ತಾಗಿಬಿಡುತ್ತಿತ್ತು.

ಸೀರೆ ಅಂಗಡಿಯೊಂದರ ಮೆಟ್ಟಿಲ ಮೇಲಿಂದ ಯಾರೋ “ಸಾರ್” ಎಂದರು. ಚೌಡೇಶ. ನಾಲ್ಕು ವರ್ಷದ ಹಿಂದಿನ ಬ್ಯಾಚು. ತೋಳಿನ ಮೇಲೆ ಬಿಚ್ಚಿದ ಸೀರೆಗಳ ರಾಶಿ; ಮಾತಾಡುತ್ತಲೇ ಒಂದೊಂದನ್ನೂ ಗಲ್ಲಕ್ಕೆ ಒತ್ತಿ ಹಿಡಿದು ಮಡಿಸುತ್ತಿದ್ದ.

“ಎಲ್ಲಿಗ್ ಸಾರ್, ಅಡ್ಮಿಷನ್ನಾ?”

“ಹೌದಪ್ಪ. ಹೆಂಗಿದೀಯ?”

“ಆರಾಮಾಗಿದೀನಿ ಸಾರ್. ಮೊನ್ನೆ ಓನರ್ರು ಯಾರಿಗೋ ಕಾಗ್ದ ಬರೀತಾ ಇದ್ರು, ನಾನು ನಮ್ ಸಾರ್ ಹೇಳ್ಕೊಟ್ಟಿದ್ರು ಅಂತ ಇಂಗ್ಲಿಷ್‌ನಲ್ಲಿ ಲೆಟರ್ ಹೇಳ್ದೆ. ವೀ ಆರ್ ಇನ್ ರಿಸೀಟ್ ಆಫ್ ಯುವರ್ ಲೆಟರ್. ಎಲ್ಲ ನಕ್ಬಿಟ್ರು ಸಾರ್.” ಅವನೂ ನಕ್ಕ. “ಬೆರಳು ಇನ್ನೂ ಆಡುತ್ತೆ ಸಾರ್. ಗಿರಾಕಿ ಇಲ್ದಾಗ ಟೇಬಲ್ ಮೇಲೆ ಹಂಗೇ ಹೊಡೀತಿರ್ತೀನಿ.”

ಅವನ ಮಾತಿನಲ್ಲಿ ಎಳ್ಳಷ್ಟೂ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ಸೊಣ್ಣಪ್ಪನಿಗೆ ಎಷ್ಟೋ ಸುಲಭವಾಗುತ್ತಿತ್ತು. ತರಗತಿಯಲ್ಲಿ ಅವನು ಬರೆಸುತ್ತಿದ್ದ ಪತ್ರಗಳೆಲ್ಲ ಇಲ್ಲದ ಕಂಪನಿಗಳಿಂದ ಇಲ್ಲದ ಕಂಪನಿಗಳಿಗೆ: ಹನ್ನೆರಡು ಡಜನ್ ಪೆನ್ಸಿಲು ತಡವಾಗಿ ಬಂದದ್ದಕ್ಕೆ ದೂರು, ದೂರಿಗೆ ವಿಷಾದ, ವಿಷಾದಕ್ಕೆ ಕೃತಜ್ಞತೆ. ಇಪ್ಪತ್ತು ಮಕ್ಕಳು ಉಸಿರು ಹಿಡಿದು ಆ ವಿಷಾದವನ್ನು ರಟ್ಟಿನ ಮೇಲೆ ಟೈಪು ಮಾಡುತ್ತಿದ್ದರು. ಆ ಕಂಪನಿಗಳು ಎಲ್ಲಿವೆ ಸಾರ್ ಎಂದು ಯಾರೂ ಕೇಳಿರಲಿಲ್ಲ. ಕೇಳಬೇಕಿತ್ತು. ಒಬ್ಬನಾದರೂ ಕೇಳಿದ್ದರೆ ತಾನು ಏನಾದರೂ ಹೇಳುತ್ತಿದ್ದೆನೇನೋ ಎಂದುಕೊಳ್ಳುತ್ತ ಅವನು ಚೌಡೇಶನ ಹೆಗಲು ತಟ್ಟಿ ಮುಂದೆ ನಡೆದ. ತಟ್ಟಿದ ಕೈಗೆ ಹೊಸ ಬಟ್ಟೆಯ ಗಂಜಿಯ ವಾಸನೆ ಅಂಟಿತ್ತು.

ನೇಕಾರರ ಬೀದಿ ಕಣ್ಣಿಗೆ ಬೀಳುವ ಮುಂಚೆ ಅಂಗಾಲಿಗೆ ಗೊತ್ತಾಗುತ್ತದೆ. ನೆಲವೇ ಸಣ್ಣಗೆ ನಡುಗುತ್ತಿರುತ್ತದೆ. ಎರಡೂ ಕಡೆಯ ಮನೆಗಳಲ್ಲಿ ಪವರ್‌ಲೂಮುಗಳು. ಬಾಗಿಲು ದಾಟಿದರೆ ಬೇರೆ ಸದ್ದಿಗೆ ಜಾಗವೇ ಇಲ್ಲ. ಸಂಜೀವಪ್ಪನ ಮನೆಯ ನಡುಮನೆಯಲ್ಲಿ ನಾಲ್ಕು ಮಗ್ಗಗಳು ಓಡುತ್ತಿದ್ದವು. ಲಾಳಿ ಆಚೆಯಿಂದ ಈಚೆಗೆ ಹೊಡೆದುಕೊಂಡು ಬರುವ ಸದ್ದು ಕಿವಿಗಿಂತ ಹಲ್ಲಿಗೆ ಹೆಚ್ಚು ಕೇಳಿಸುತ್ತಿತ್ತು. ಒಂದು ಮಗ್ಗದ ಮುಂದೆ ಸಂಜೀವಪ್ಪ, ಮೈಮೇಲೆ ಬರೀ ಬನಿಯನ್ನು, ಕಿವಿಯ ಹಿಂದೆ ಒಂದು ಬೀಡಿ. ಇನ್ನೊಂದರ ಮುಂದೆ ಅವನ ಹಿರಿಯ ಮಗಳು ಬಿಂದುಶ್ರೀ, ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದಿದವಳು, ಕಡಿದ ಎಳೆಯನ್ನು ಬಾಗಿ ಗಂಟು ಹಾಕುತ್ತಿದ್ದಳು. ಒಳಬಾಗಿಲ ಹತ್ತಿರ ತಾಯಿ ಅಕ್ಕಯ್ಯಮ್ಮನೂ ಅನಿತಳೂ ಕಂಡಿಕೆ ಸುತ್ತುವ ಯಂತ್ರದ ಮುಂದೆ ಕೂತು, ಲಾಳಿಯೊಳಕ್ಕೆ ಹೋಗುವ ಪುಟ್ಟ ಕೊಳವೆಗಳಿಗೆ ನೂಲು ತುಂಬುತ್ತಿದ್ದರು.

ಅನಿತ ಅವನನ್ನು ಮೊದಲು ನೋಡಿದಳು. ನೋಡಿ ಎದ್ದು ನಿಂತಳು. ಬಾಯಿ ಅಲ್ಲಾಡಿಸಿದಳು, ಸದ್ದು ಹೊರಟಿತೋ ಇಲ್ಲವೋ, ಅಷ್ಟು ದೂರದಲ್ಲಿ ತಲೆ ಎತ್ತಿದ ಸಂಜೀವಪ್ಪ ಅವಳ ತುಟಿಯನ್ನು ನೋಡಿ ಬಾಗಿಲ ಕಡೆ ತಿರುಗಿ ಕೈಮುಗಿದ. ಬಿಂದುಶ್ರೀ ತಾಯಿಯ ಕಡೆ ನೋಡಿ ಏನೋ ಅಂದಳು. ತಾಯಿ ಏನೋ ಅಂದಳು. ಬಿಂದುಶ್ರೀ ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟು ಮತ್ತೆ ಮಗ್ಗದ ಮುಂದೆ ನಿಂತಳು. ಇವರೆಲ್ಲ ತುಟಿಯಲ್ಲೇ ಮಾತಾಡಿಕೊಳ್ಳುವವರು, ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಕಿವಿ ಬೇಕಾಗುವುದಿಲ್ಲ ಎಂದು ಸೊಣ್ಣಪ್ಪ ಯಾರಿಂದಲೋ ಕೇಳಿದ್ದ. ಆದರೆ ಆ ಗಳಿಗೆಯಲ್ಲಿ ಅವನಿಗೆ ಅದರಿಂದ ಆಗಬೇಕಾದ ಎಚ್ಚರ ಆಗಲಿಲ್ಲ. ಬದಲಿಗೆ ಸದ್ದು ಒಂದು ದಪ್ಪ ಕಂಬಳಿಯ ಹಾಗೆ ಮೈಮೇಲೆ ಬಿದ್ದದ್ದು ಹಿತವಾಯಿತು. ಇಲ್ಲಿ ತಾನು ಹೇಳುವುದು ಸಂಜೀವಪ್ಪನ ಕಿವಿಗೆ ಮಾತ್ರ. ಹುಡುಗಿ ಹತ್ತು ಅಡಿ ಆಚೆ ಇದ್ದಾಳೆ. ಅವಳಿಗೆ ಕೇಳಿಸುವುದಿಲ್ಲ.

ಸಂಜೀವಪ್ಪ ಒಂದು ಸ್ಟೂಲು ಎಳೆದು ಹಾಕಿ ಅವನ ಬಾಯಿಯನ್ನೇ ನೋಡುತ್ತ ನಿಂತ. ಸೊಣ್ಣಪ್ಪ ಕೂರಲಿಲ್ಲ. ಬಾಗಿ ಕಿವಿಯ ಹತ್ತಿರ ಕೂಗಿದ: “ಅರ್ಜಿ ವಿಚಾರಕ್ಕೆ ಬಂದೆ.”

“ಗೊತ್ತಾಯ್ತು ಬುಡಿ.” ಸಂಜೀವಪ್ಪನ ದನಿ ಏರಲಿಲ್ಲ, ಆದರೂ ಸದ್ದಿನ ನಡುವೆ ಎಲ್ಲಿಂದಲೋ ನುಸುಳಿ ಬಂತು. “ನಾನೇ ಬರ್ಬೇಕು ಅಂತಿದ್ದೆ. ಒಂದ್ಮಾತು ಕೇಳ್ಬೇಕಿತ್ತು ನಿಮ್ಮನ್ನ. ನಿಮ್ಮದು ಮುಗುಸಿದ್ಮೇಲೆ ಮುಂದಕ್ಕೆ ಹೆಂಗೆ? ಕಾಲೇಜು ಗೀಲೇಜು ಅಂತ ಹೋಗ್ಬೋದಾ?”

ಇಪ್ಪತ್ತನೆಯ ಬಾಯಿ, ಅದೇ ಪ್ರಶ್ನೆ. ಸೊಣ್ಣಪ್ಪ ಕೆಮ್ಮಲಿಲ್ಲ. ಕೆಮ್ಮಿದರೆ ಇಲ್ಲಿ ಯಾರಿಗೂ ಕೇಳಿಸುವುದಿಲ್ಲ, ದಾಟಲು ಕಾಫಿಯೂ ಬಂದಿರಲಿಲ್ಲ. ಹತ್ತೊಂಬತ್ತು ಮಕ್ಕಳ ಮುಖ ಒಟ್ಟಿಗೆ ಬಂದು ನಿಂತವು. ಈಗ ವಿಭಾಗ ನಿಂತರೆ ಆ ಮಕ್ಕಳು ಎಲ್ಲಿಗೆ ಹೋಗುತ್ತಾರೆ, ಬೇರೆ ಕಡೆ ಸೀಟು ಮುಗಿದಿರುತ್ತದೆ, ಅವರಿಗಾದರೂ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗಲೇ ಆ ಮುಖಗಳ ಹಿಂದೆ ಲಕ್ಕಮ್ಮ ಅಟ್ಟದ ಕೆಳಗೆ ನಿಂತಿರುವುದು ಕಾಣಿಸಿತು. ಗಂಟಲ ನರ ಉಬ್ಬುವಂತೆ ಕೂಗಿದ: “ಯೋಚ್ನೇನೇ ಬೇಡಿ. ಇದು ಮುಗುಸ್ಕೊಂಡ್ರೆ ಸೈನ್ಸಿಗೂ ಹೋಗ್ಬೋದು, ಡಿಗ್ರೀಗೂ ಹೋಗ್ಬೋದು, ಬೆಂಗ್ಳೂರಲ್ಲಿ ಎಲ್ಲಿಗ್ ಬೇಕಾದ್ರೂ...”

ಕರೆಂಟು ಹೋಯಿತು.

“ಹೋಗ್ಬೋದು.”

ಆ ಒಂದು ಮಾತು ಅಷ್ಟೇ ಗಟ್ಟಿಯಾಗಿ, ಖಾಲಿ ಪಾತ್ರೆ ಬಿದ್ದ ಹಾಗೆ, ನಿಂತುಹೋದ ಮಗ್ಗಗಳ ನಡುವೆ ಬಿತ್ತು. ಬೀದಿಯುದ್ದಕ್ಕೂ ಮಗ್ಗಗಳು ಒಂದಾದ ಮೇಲೊಂದು ನಿಟ್ಟುಸಿರು ಬಿಟ್ಟು ನಿಂತವು. ಎದುರು ಮನೆಯ ಜಗುಲಿಯಿಂದ ಯಾವುದೋ ಹೆಂಗಸು, “ಯಾರಮ್ಮ ಅದು, ಅಂಗ್ ಕೂಗ್ತಿರೋದು?” ಎಂದಳು. “ಇಸ್ಕೂಲ್ ಮೇಷ್ಟ್ರು” ಎಂದು ಇನ್ನೊಂದು ದನಿ, ಆಮೇಲೆ ಸಣ್ಣ ನಗು. ಸೊಣ್ಣಪ್ಪನ ಬಾಯಿ ಇನ್ನೂ ತೆರೆದೇ ಇತ್ತು. ಅದನ್ನು ಮುಚ್ಚಬೇಕೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನೀರಿನ ಲೋಟವನ್ನು ಕೈಯಲ್ಲೇ ಹಿಡಿದಿದ್ದ.

ಅವನು ಅನಿತಳ ಕಡೆ ನೋಡಲಿಲ್ಲ. ನೋಡದಿದ್ದರೂ ಅವಳು ನಿಂತ ಕಡೆಯ ಅವನ ಕೆನ್ನೆ ಸುಡುತ್ತಿತ್ತು. ಬುಧವಾರ ಕಂಬದ ಹತ್ತಿರ ಹೇಳಿದ ಬಾಯಿ ಇದೇ. ಈಗ ಹೇಳಿದ್ದೂ ಇದೇ. ಕರೆಂಟು ಹೋಗದಿದ್ದರೂ ಅವಳು ತನ್ನ ತುಟಿಯನ್ನು ಓದುತ್ತಲೇ ಇದ್ದಳು, ಮೊದಲ ಮಾತಿನಿಂದಲೂ ಓದುತ್ತಲೇ ಇದ್ದಳು ಎಂದು ಆಗ ಅವನಿಗೆ ಗೊತ್ತಾಯಿತು.

ಸಂಜೀವಪ್ಪ ಕಿವಿಯ ಹಿಂದಿನ ಬೀಡಿ ತೆಗೆದು ಬೆರಳ ನಡುವೆ ಹೊರಳಿಸಿದ. ಹಚ್ಚಲಿಲ್ಲ. ನಿಧಾನವಾಗಿ, ಬೇಜಾರಾದವನ ದನಿಯಲ್ಲಿ ಅಂದ: “ಅಂಗಾದ್ರೆ ಬ್ಯಾಡ ಬುಡಿ ಸಾರ್.”

ಸೊಣ್ಣಪ್ಪನಿಗೆ ಅರ್ಥವಾಗಲಿಲ್ಲ. “ಯಾಕೆ?”

“ಮುಂದಕ್ಕೆ ದಾರಿ ಇಲ್ಲ ಅಂತ ಯಾರೋ ಹೇಳಿದ್ರು. ಅದ್ಕೇ ಅರ್ಜಿ ತಂದಿದ್ದೆ. ಎರಡು ವರ್ಷ ಊರಲ್ಲೇ ಏನೋ ಒಂದು ಕಲ್ತ್ಕೊಂಡು ನಾಕು ಗಂಟೆಗೆ ಮನೇಗ್ ಬರ್ಲಿ, ಅಷ್ಟರಲ್ಲಿ ಒಂದು ಗಂಡು ನೋಡೋಣ, ಕಂಪ್ಯೂಟರ್ ಕಲ್ತವ್ಳೆ ಅಂದ್ರೆ ಗಂಡಿನೋರಿಗೂ ಒಂದು ಮಾತು.” ದೊಡ್ಡ ಮಗಳ ಕಡೆ ನೋಡದೆಯೇ ಅವಳು ನಿಂತ ದಿಕ್ಕಿಗೆ ಗಲ್ಲ ಎತ್ತಿದ. “ಇವಳನ್ನ ಓದುಸ್ದೆ. ದಿನಾ ರೈಲಿಗೆ ಕಳಿಸಿ ಓದುಸ್ದೆ. ಈಗ ಬಿ.ಎಸ್ಸಿ.ಗೆ ಸರಿಸಮನಾದ ಗಂಡು ನಮ್ಮೋರಲ್ಲಿ ಎಲ್ಲಿಂದ ತರ್ಲಿ ಸಾರ್? ಬಂದೋರೆಲ್ಲ ಕಾಫಿ ಕುಡ್ದು, ನಮ್ ಹುಡುಗ ಅಷ್ಟು ಓದಿಲ್ಲ ಕಣ್ರೀ ಅಂತ ಎದ್ದೋಗ್ತಾರೆ. ಇಪ್ಪತ್ತೇಳಾಯ್ತು. ಇನ್ನೊಂದ್ಸಲ ಆ ತಪ್ಪು ಮಾಡೋ ಶಕ್ತಿ ನನಗಿಲ್ಲ.”

ಬಿಂದುಶ್ರೀ ಕಡಿದ ಎಳೆಯ ಗಂಟನ್ನು ಹಾಕಿ ಮುಗಿಸಿದ್ದಳು. ಆದರೂ ಬಾಗಿಯೇ ಇದ್ದಳು. ಅಕ್ಕಯ್ಯಮ್ಮ, “ಮೇಷ್ಟ್ರ ಮುಂದೆ ಮನೆ ರಾಮಾಯಣ ಯಾಕೆ ಬುಡಿ” ಎಂದಳು, ತಪ್ಪಿತಸ್ಥಳ ಹಾಗೆ.

“ನಿಮ್ಮದಕ್ಕೂ ದಾರಿ ಐತೆ ಅಂದ್ಮೇಲೆ ಇದಾದ್ರೇನು ಅದಾದ್ರೇನು” ಎಂದ ಸಂಜೀವಪ್ಪ. “ಅವಳು ಹಟ ಮಾಡ್ತಾನೇ ಅವಳೆ. ಸೋಮವಾರ ಸೈನ್ಸಿಗೇ ಹಾಕ್ತೀನಿ ತಗೊಳ್ಳಿ, ಹೆಂಗೂ ಹೋಗೋಳು ನೆಟ್ಟಗಿನ ದಾರೀಲೇ ಹೋಗ್ಲಿ.”

ಆಗ ಸೊಣ್ಣಪ್ಪ ಅನಿತಳನ್ನು ನೋಡಿದ. ಅವಳ ಕಣ್ಣಲ್ಲಿ ಅವನು ನಿರೀಕ್ಷಿಸಿದ್ದು ಇರಲಿಲ್ಲ. ಅವಳು ಅವನನ್ನು ನೋಡುತ್ತಿದ್ದ ರೀತಿಯಲ್ಲಿ ಅವನನ್ನು ಇಷ್ಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನೋಡಿರಲಿಲ್ಲ. ಯಾವ ಮನುಷ್ಯರೂ ನೋಡಿರಲಿಲ್ಲ. ನೂಲಿನ ಕೊಳವೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು, ನಗುವನ್ನು ತುಟಿಯೊಳಗೇ ಹಿಡಿದು ನಿಂತಿದ್ದಳು. ಅವಳು ಬುಧವಾರ ಕೇಳಿದ್ದು ಏನೆಂದು ಅವನಿಗೆ ಈಗ ತಿಳಿಯಿತು: ದಾರಿ ಇದೆ ಎಂದು ಅಪ್ಪನಿಗೆ ಸುಳ್ಳು ಹೇಳಿ ಎಂದು. ಅಪ್ಪನ ಲೆಕ್ಕಾಚಾರ ಅವಳಿಗೆ ಗೊತ್ತಿತ್ತು. ಅದು ಮೇಷ್ಟ್ರಿಗೂ ಗೊತ್ತು, ಗೊತ್ತಿದ್ದೇ ತನಗಾಗಿ ಇಷ್ಟು ದೂರ ನಡೆದುಬಂದು, ಬೀದಿಗೆಲ್ಲ ಕೇಳುವಂತೆ ಸುಳ್ಳು ಹೇಳಿದರು, ತಮ್ಮ ಇಪ್ಪತ್ತನೆಯ ಹೆಸರನ್ನು ತಾವೇ ಬಿಟ್ಟುಕೊಟ್ಟರು ಎಂದು ಅವಳು ನಂಬಿದ್ದಳು.

ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ನೀರಿನ ಲೋಟ ಕೆಳಗಿಟ್ಟು, ಬರ್ತೀನಿ ಎಂದರೆ ಸಾಕಿತ್ತು. ಬಾಗಿಲು ಐದು ಹೆಜ್ಜೆ. ಅವಳು ನಂಬಿದ ಮನುಷ್ಯನಾಗಿ ಆ ಐದು ಹೆಜ್ಜೆ ನಡೆದುಬಿಡಬಹುದಿತ್ತು. ಆಮೇಲೆ ಗೋಪಾಲಪ್ಪನವರು ಸೊನ್ನೆ ಎಂದು ಬರೆಯುತ್ತಾರೆ. ಆಮೇಲೆ ಲಾರಿ ಆಫೀಸು, ಬಿಲ್ಲು, ಮೂವತ್ತೇಳನೆಯ ವಯಸ್ಸಿಗೆ ಮತ್ತೆ ಅದೇ ಕೆಲಸ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಅವಳು ನನ್ನನ್ನು ಹಾಗೆ ನೋಡಬಾರದಿತ್ತು ಎಂದು ಅವನಿಗೆ ಸಿಟ್ಟು ಬಂತು. ಮಾಡದೆ ಇದ್ದ ಒಳ್ಳೆಯದಕ್ಕೆ ಹಾಗೆ ನೋಡಿದರೆ ಅದೂ ಒಂದು ಮೋಸವೇ ಅಲ್ಲವೇ, ಮೋಸ ಮಾಡಿ ಹೆಸರು ತೆಗೆದುಕೊಂಡ ಹಾಗಲ್ಲವೇ ಎನ್ನಿಸಿತು. ಅಲ್ಲದೆ ಹೇಳಿದ್ದು ಸುಳ್ಳು. ಮೇಷ್ಟ್ರಾದವನು ಒಂದು ಮನೆಯ ಯಜಮಾನನಿಗೆ ಸುಳ್ಳು ಹೇಳಿ ಹೋಗುವುದು ಸರಿಯೇ? ಸುಳ್ಳು ಸರಿಯಲ್ಲ ಎಂಬ ಮಾತು ಎಷ್ಟು ಗಟ್ಟಿಯಾಗಿತ್ತೆಂದರೆ ಅದನ್ನು ಹಿಡಿದುಕೊಂಡು ನಿಲ್ಲಬಹುದಿತ್ತು. ಅವನು ಹಿಡಿದುಕೊಂಡ.

“ಸಂಜೀವಪ್ಪನೋರೆ” ಎಂದ. ಕೂಗುವ ಅಗತ್ಯವಿರಲಿಲ್ಲ; ಬೀದಿ ಸುಮ್ಮನಿತ್ತು. “ಒಂದು ತಪ್ಪು ಹೇಳ್ಬಿಟ್ಟೆ.”

“ಏನ್ ಸಾರ್?”

“ಈ ಕೋರ್ಸು ಮಾಡಿದ್ರೆ ಸೈನ್ಸಿಗೆ ಹೋಗೋಕಾಗಲ್ಲ. ಬಿ.ಎಸ್ಸಿ.ಗೂ ತಗೊಳ್ಳಲ್ಲ. ಇದು ಇಲ್ಲಿಗೇ ಮುಗಿಯುತ್ತೆ.” ಅವನ ದನಿ ಸ್ಪಷ್ಟವಾಗಿತ್ತು, ತರಗತಿಯಲ್ಲಿ ಒಮ್ಮೆಯೂ ಅಷ್ಟು ಸ್ಪಷ್ಟವಾಗಿ ಅವನು ಏನನ್ನೂ ಹೇಳಿರಲಿಲ್ಲ. “ಮಕ್ಕಳು ಸೇರ್ಲಿ ಅಂತ ಸುಳ್ಳು ಹೇಳ್ದೆ. ಮನಸ್ಸು ಒಪ್ಲಿಲ್ಲ.”

ಸಂಜೀವಪ್ಪ ಬೀಡಿಯನ್ನು ಮತ್ತೆ ಕಿವಿಯ ಹಿಂದೆ ಸಿಕ್ಕಿಸಿ, ಚೌಡೇಶ್ವರಿಯ ಪಟದ ಹಿಂದೆ ಕೈ ಹಾಕಿ ಮಡಿಸಿದ ಅರ್ಜಿಯನ್ನು ತೆಗೆದ. ಎಲ್ಲ ತುಂಬಿತ್ತು, ಅನಿತಳ ಗುಂಡು ಅಕ್ಷರದಲ್ಲಿ. ರುಜು ಒಂದೇ ಬಾಕಿ.

“ಪೆನ್ ಕೊಡಿ ಸಾರ್.” ಮಗ್ಗದ ಹಲಗೆಯ ಮೇಲೆ ಕಾಗದವನ್ನು ಹರಡಿ, ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ರುಜು ಹಾಕಿ ಕೊಟ್ಟ. “ಒಂದ್ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಇವತ್ತಿನ್ ದಿನ ತನ್ ಬಾಯಿಂದ ತಾನೇ ಸುಳ್ಳು ಹೇಳ್ದೆ ಅನ್ನೋನು ಎಲ್ಲಿ ಸಿಗ್ತಾನೆ? ನಿಯತ್ತಿನ ಮನುಷ್ಯ ನೀವು. ನಿಮ್ ಕೈಲಿ ಹುಡುಗೀನ ಬುಡೋಕೆ ನನಗೇನೂ ಯೋಚ್ನೆ ಇಲ್ಲ.” ಒಳಗೆ ತಿರುಗಿ, “ಲೇ ಅನಿತ, ಬಾರಮ್ಮ, ಮೇಷ್ಟ್ರ ಕಾಲಿಗೆ ಬೀಳು” ಎಂದ.

ಅನಿತ ಬಂದಳು. ಕೊಳವೆಯನ್ನು ಬುಟ್ಟಿಗೆ ಹಾಕಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಬಾಗಿ, ಅವನ ಪಾದಕ್ಕೆ ಬೆರಳು ತಾಗಿಸದೆ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವನು “ಚೆನ್ನಾಗಿ ಓದಮ್ಮ” ಎಂದ. ಅವಳು ತಲೆ ಎತ್ತಿದಾಗ ಅವಳ ಮುಖದಲ್ಲಿ ಸಿಟ್ಟಿದೆಯೇ ಎಂದು ಹುಡುಕಿದ. ಇರಲಿಲ್ಲ. ಬುಧವಾರ ತಲೆಯಾಡಿಸುವಾಗ ಇದ್ದ ಮುಖವೇ, ಅಷ್ಟೇ.

ಅಷ್ಟರಲ್ಲಿ ಕರೆಂಟು ಬಂತು. ನಾಲ್ಕು ಮಗ್ಗಗಳೂ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ಸಂಜೀವಪ್ಪ ಓಡಿಹೋಗಿ ತನ್ನದನ್ನು ಹಿಡಿದ. ಅವನ ಬೆನ್ನು ಈ ಕಡೆಗಿತ್ತು. ಅನಿತ ನಿಂತ ಜಾಗದಲ್ಲೇ ನಿಂತು ಸೊಣ್ಣಪ್ಪನ ಮುಖ ನೋಡಿ ಏನೋ ಅಂದಳು. ಎರಡು ಮಾತೋ, ಮೂರೋ. ತುಟಿ ಕೂಡಿ, ಬಿಟ್ಟು, ಮತ್ತೆ ಕೂಡಿದವು. ಹಿಂದೆ ಮಗ್ಗದ ಮುಂದೆ ನಿಂತಿದ್ದ ಬಿಂದುಶ್ರೀ ಅದನ್ನು ಓದಿದಳು. ಓದಿ, ಸೊಣ್ಣಪ್ಪನ ಕಡೆ ಒಂದು ಸಲ ನೋಡಿ, ಮಗ್ಗದ ಕಡೆ ತಿರುಗಿಕೊಂಡಳು. ಅವನಿಗೆ ಏನೂ ತಿಳಿಯಲಿಲ್ಲ. ಕೇಳಿಸಿತು ಎನ್ನುವಂತೆ ತಲೆಯಾಡಿಸಿ ಹೊರಗೆ ಬಂದ.

ಬೀದಿಯಲ್ಲಿ ಬಿಸಿಲಿತ್ತು. ಎದುರು ಜಗುಲಿಯ ಹೆಂಗಸರು ಅವನನ್ನು ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದರು. ಸೊಣ್ಣಪ್ಪ ಬೇಗ ಬೇಗ ನಡೆದ. ಒಂದು ಗಂಟೆಗೆ ಇನ್ನೂ ಹೊತ್ತಿದ್ದರೂ ಬೇಗ ನಡೆದ. ಎಲ್ಲ ಹೇಳಿಬಿಡಬೇಕು, ಗೋಪಾಲಪ್ಪನವರ ಮುಂದೆ ಈ ಹಾಳೆಯನ್ನು ಹರಿದುಬಿಡಬೇಕು, ಹರಿದರೆ ಸಂಜೀವಪ್ಪ ಇನ್ನೊಂದನ್ನು ತುಂಬುತ್ತಾನೆ, ಹರಿಯುವುದರಿಂದ ಯಾರಿಗೇನು ಎಂದು ಒಂದರ ಹಿಂದೊಂದು ಮಾತು ಬರುತ್ತಿದ್ದವು. ಸೀರೆ ಅಂಗಡಿಯ ಮುಂದೆ ಬಂದಾಗ ಗಾಳಿ ಬೀಸಿತು. ಆಗ ಅವನಿಗೆ ತನ್ನ ಕೈ ಕಾಣಿಸಿತು. ಸಂಜೀವಪ್ಪ ಒತ್ತಿ ಬರೆದ ರುಜುವಿನ ಇಂಕು ಇನ್ನೂ ಪೂರ್ತಿ ಒಣಗಿರಲಿಲ್ಲ. ಅದು ಅಳಿಸದ ಹಾಗೆ, ಅಂಗಿಗೆ ತಾಗದ ಹಾಗೆ, ಹಾಳೆಯನ್ನು ಎರಡು ಬೆರಳಲ್ಲಿ ತುದಿ ಹಿಡಿದು, ಮೈಯಿಂದ ದೂರ ಚಾಚಿ, ಬಿಸಿಲಿಗೆ ಒಡ್ಡಿಕೊಂಡು ಅವನು ಅಷ್ಟು ದೂರವೂ ನಡೆದುಬಂದಿದ್ದ.